ಟೀವಿ ಗೆಲ್ಲಿಸಿದವರು: ಗಿರಿಜಾಗೆ ಕಾಕಾನ ಪತ್ರ

ಚಿ. ಗಿರಿಜಾಗೆ, ಗಂಗಾವತಿಯಿಂದ ನಿನ್ನ ಕಾಕಾನ ಆಶೀರ್ವಾದ.

ಮನೆ ಸುದ್ದಿ ನಿಮ್ಮಪ್ಪ ಫೋನಿನಲ್ಲಿ ಹೇಳೇ ಇರ್ತಾರೆ. ನನ್ನ ಮನಸ್ಸು ಕೆಡಿಸಿದ್ದು ನಿನ್ನ ಒಂದೇ ಸಾಲು: 'ಟೀವಿಯವರು ಆಗ್ಲೇ ಗೆಲ್ಲಿಸಿಬಿಟ್ಟಾರ, ನಾ ಊರಿಗೆ ಬಂದು ಓಟು ಹಾಕಿ ಏನ್ ಆಗ್ತೈತಿ ಕಾಕಾ?'

ಆಗ್ತೈತಿ, ಗಿರಿಜವ್ವ. 2024ರ ಲೋಕಸಭಾ ಚುನಾವಣೆಯಲ್ಲಿ ಜೂನ್ 1ರ ಸಂಜೆ ಹಲವು ಎಕ್ಸಿಟ್ ಪೋಲ್‌ಗಳು (ಓಟು ಹಾಕಿ ಬಂದವರನ್ನು ಕೇಳಿ ಮಾಡುವ ಅಂದಾಜು) ಎನ್‌ಡಿಎಗೆ 350ಕ್ಕೂ ಹೆಚ್ಚು ಸೀಟು ಹಂಚಿದ್ದವು. ಜೂನ್ 4ಕ್ಕೆ ಬಂದದ್ದು 293. ಓಟನ್ನು ಸೀಟಿನ ಲೆಕ್ಕಕ್ಕೆ ತರುವಲ್ಲೇ ಎಡವಟ್ಟಾಗುತ್ತದೆ. ನಮ್ಮ ರಾಜ್ಯದ್ದೇ ನೋಡು. ವಿಧಾನಸಭೆ ಚುನಾವಣೆಯಲ್ಲಿ ಬಿಜೆಪಿಗೆ 2018ರಲ್ಲೂ 2023ರಲ್ಲೂ ಶೇ. 36ರ ಆಸುಪಾಸೇ ಓಟು, ಸೀಟು ಮಾತ್ರ 104ರಿಂದ 66ಕ್ಕೆ ಇಳಿಯಿತು. ಜೆಡಿಎಸ್ ಶೇ. 18ರಿಂದ 13ಕ್ಕೆ ಕುಸಿಯಿತು, ಕಾಂಗ್ರೆಸ್ ಶೇ. 38ರಿಂದ 43ರ ಹತ್ತಿರಕ್ಕೆ ಹೋಯಿತು. ನೂರಕ್ಕೆ ಐದು ಓಟು ಸರಿದಾಡಿದ್ದಕ್ಕೆ ಸರ್ಕಾರವೇ ಬದಲಾಯಿತು. ಟೀವಿಯವರು ಗೆಲ್ಲಿಸಿದ್ದರೆ ಈ ಐದು ಎಲ್ಲಿಂದ ಬರಬೇಕಿತ್ತು?

1999ರ ಬಳ್ಳಾರಿ ಲೋಕಸಭಾ ಚುನಾವಣೆ ನೆನಪಾದರೆ ಇಂದಿಗೂ ಸಂಕಟ ನನಗೆ. ಕನ್ನಡದಲ್ಲಿ ಇಂದಿನಷ್ಟು ಸುದ್ದಿ ಚಾನೆಲ್ ಇರಲಿಲ್ಲ, ಆದರೂ ದೇಶದ ಕ್ಯಾಮೆರಾಗಳೆಲ್ಲ ಅಲ್ಲೇ. ಕಾಂಗ್ರೆಸ್ಸಿನ ಸೋನಿಯಾ ಗಾಂಧಿ ಎದುರು ಬಿಜೆಪಿಯಿಂದ ನಿಂತ ಸುಷ್ಮಾ ಸ್ವರಾಜ್ ಕನ್ನಡ ಕಲಿತು ಮಾತಾಡಿದ್ದು ಸುದ್ದಿ, 'ವಿದೇಶಿ ಸೊಸೆ, ಸ್ವದೇಶಿ ಮಗಳು' ಅನ್ನೋದು ಸುದ್ದಿ. ಸೋನಿಯಾ ಸುಮಾರು 56 ಸಾವಿರ ಓಟಿನಿಂದ ಗೆದ್ದು, ತಾವು ಗೆದ್ದಿದ್ದ ಇನ್ನೊಂದು ಕ್ಷೇತ್ರ ಅಮೇಠಿ ಉಳಿಸಿಕೊಂಡು ಬಳ್ಳಾರಿ ಬಿಟ್ಟರು. ಕುಡಿಯುವ ನೀರಿನ ಪ್ರಶ್ನೆ ಆ ಗದ್ದಲದಲ್ಲಿ ಮುಳುಗಿತು.

ನೀನು ಹೆದರಬೇಕಾದ್ದು ಇದಕ್ಕೆ. ಅಭ್ಯರ್ಥಿಯನ್ನು ಏನು ಕೇಳಬೇಕು ಅನ್ನೋದನ್ನೇ ಟೀವಿ ಮರೆಸಿಬಿಡುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನು ತುಂಡಾಗಿ ಕೊಚ್ಚಿಹೋದಾಗ ದಿನವಿಡೀ ಅದೇ ತೋರಿಸಿದರು, ತೋರಿಸಬೇಕಾದ್ದೇ. ಆದರೆ 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ 105ರ ಹತ್ತಿರಕ್ಕೆ ಇಳಿದದ್ದು ವರ್ಷಗಟ್ಟಲೆಯ ಕೆಲಸ. ಅದಕ್ಕೆ ದೃಶ್ಯ ಸಿಗೋದಿಲ್ಲ. ರಾಜಕಾರಣಿಗಳದ್ದೂ ಹಾಗೇ. ಕೂಗಿದವನ ತುಣುಕು ಮತ್ತೆ ಮತ್ತೆ ಬಂದು ಮುಖ ಪರಿಚಯವಾಗುತ್ತದೆ, ಪರಿಚಯದ ಮುಖವನ್ನೇ ನಾವು ಸಮರ್ಥ ಅಂದುಕೊಳ್ಳುತ್ತೇವೆ.

ಓದಿದವಳಿಗೆ ನಾನೇನು ಹೇಳಲಿ, ಆದರೂ ಬರೆಯುತ್ತೇನೆ. ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಅಭ್ಯರ್ಥಿ ಪ್ರಮಾಣ ಮಾಡಿ ಕೊಟ್ಟ ಫಾರ್ಮ್ 26 ಅಫಿಡವಿಟ್ ಇರುತ್ತದೆ. ಆಸ್ತಿಗಿಂತ ಮೊದಲು ಕ್ರಿಮಿನಲ್ ಪ್ರಕರಣ, ಸರ್ಕಾರಕ್ಕೆ ಕಟ್ಟಬೇಕಾದ ಬಾಕಿ ನೋಡು. ಒಬ್ಬರನ್ನೇ ಹೊಗಳುವ ವರದಿ ಎರಡು ಪತ್ರಿಕೆಯಲ್ಲಿ ಅಕ್ಷರ ಬಿಡದೆ ಒಂದೇ ಥರ ಬಂದಿದ್ದರೆ ಅದು ಕಾಸು ಕೊಟ್ಟು ಹಾಕಿಸಿದ್ದಿರಬಹುದು. ಕಟಿಂಗ್ ಸಮೇತ ಚುನಾವಣೆಯಲ್ಲಿ ಮಾಧ್ಯಮದ ಮೇಲೆ ಕಣ್ಣಿಡುವ ಜಿಲ್ಲೆಯ ಎಂಸಿಎಂಸಿ ಸಮಿತಿಗೆ ದೂರು ಕೊಡಬಹುದು. ಸಾಬೀತಾದರೆ ಅದರ ದರ ಅಭ್ಯರ್ಥಿಯ ಖರ್ಚಿಗೆ ಸೇರುತ್ತದೆ, ವಿಧಾನಸಭೆಗೆ ಆ ಮಿತಿ 40 ಲಕ್ಷ.

ಮತದಾನ ಮುಗಿಯುವ ಮುಂಚಿನ 48 ತಾಸು ಟೀವಿಯಲ್ಲಿ ಪ್ರಚಾರ ತೋರಿಸುವಂತಿಲ್ಲ, ಫೋನಿಗೆ ಬರುವ ತುಣುಕು ಮಾತ್ರ ನಿಲ್ಲೋದಿಲ್ಲ. ಆ ಎರಡು ದಿನ ಅವನ್ನು ತೆರೆಯಬೇಡ. ಟೀವಿಯವರು ಯಾರನ್ನಾದರೂ ಗೆಲ್ಲಿಸಿಕೊಳ್ಳಲಿ, ನೀನು ಪಟ್ಟಿಯಲ್ಲಿ ಹೆಸರು ಇದೆಯಾ ಅಂತ ಈಗಲೇ ನೋಡಿಕೊಂಡು ಬಸ್ಸಿನ ಸೀಟು ಕಾಯ್ದಿರಿಸು. ಹಿಂದಿನ ರಾತ್ರಿ ಬೆಂಗಳೂರಿನಲ್ಲಿ ಸೀಟು ಸಿಗೋದು ಕಷ್ಟ.

ನಿನ್ನ ಕಾಕಾ