ಎಐ ಸಾರಾಂಶದಲ್ಲಿ ಒಪ್ಪದೇ ಇದ್ದವರ ಮಾತು ಕಳೆದುಹೋಗಬಾರದು

ಸಂಪಾದಕರಿಗೆ ನಮಸ್ಕಾರ,

ವಿದೇಶಾಂಗ ಇಲಾಖೆಗಳೂ ಇನ್ಮೇಲೆ ಡೇಟಾ, ಎಐ ಇಟ್ಕೊಂಡೇ ನಿರ್ಧಾರ ತಗೋಬೇಕು ಅಂತ ಈಗ ಎಲ್ಲಾ ಕಡೆ ಮಾತು ಕೇಳಿಬರ್ತಿದೆ. ಖಂಡಿತ ಬರ್ಲಿ, ನಂದೇನೂ ವಿರೋಧ ಇಲ್ಲ. ಆದ್ರೆ ಮಾಹಿತಿ ಸಾಲದೇ ಇದ್ದಿದ್ದಕ್ಕೇ ದೊಡ್ಡ ತಪ್ಪುಗಳೆಲ್ಲಾ ಆದ್ವು ಅಂತ ಹೇಳೋದನ್ನ ಮಾತ್ರ ನಾನು ಒಪ್ಪಲ್ಲ. ಸರಿಯಾದ ಮಾತು ಕಡತದೊಳಗೇ ಇದ್ದು, ಅದಕ್ಕೆ ಬೆಲೆ ಸಿಗದೇ ಹೋಗಿದ್ದೂ ಇದೆ.

ಇರಾಕ್ ವಿಷಯಾನೇ ತಗೊಳ್ಳಿ. 2002ರ ಅಕ್ಟೋಬರ್‌ನಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆಗಳು ಸೇರ್ಕೊಂಡು ಇರಾಕ್‌ನ ಸಾಮೂಹಿಕ ನಾಶದ ಅಸ್ತ್ರಗಳ ಬಗ್ಗೆ 90ಕ್ಕೂ ಹೆಚ್ಚು ಪುಟದ ಒಂದು ವರದಿ ಕೊಟ್ವು. ಇರಾಕ್ ತರಿಸ್ಕೊಳ್ಳೋಕೆ ನೋಡ್ತಿದ್ದ ಅಲ್ಯೂಮಿನಿಯಂ ಕೊಳವೆಗಳು ಯುರೇನಿಯಂ ಸೆಂಟ್ರಿಫ್ಯೂಜ್‌ಗೇ, ಅಂದ್ರೆ ಅಣುಬಾಂಬ್‌ಗೆ ಬೇಕಾದ ಯುರೇನಿಯಂ ತಯಾರಿಸೋ ಯಂತ್ರಕ್ಕೇ ಅಂತ ಹೆಚ್ಚಿನವ್ರ ವಾದ. ಆದ್ರೆ ಸೆಂಟ್ರಿಫ್ಯೂಜ್ ಅಂದ್ರೇನು ಅಂತ ಚೆನ್ನಾಗಿ ಗೊತ್ತಿದ್ದ ಇಂಧನ ಇಲಾಖೆಯ ಪರಿಣತರು, ಇದು ಬಹುಶಃ ಅದಕ್ಕಲ್ಲ ಅಂದ್ರು, ವಿದೇಶಾಂಗ ಇಲಾಖೆಯದ್ದೇ ಗುಪ್ತಚರ ವಿಭಾಗ ಐಎನ್‌ಆರ್ ಕೂಡ ಒಪ್ಲಿಲ್ಲ, ಫಿರಂಗಿ ದಳದ ರಾಕೆಟ್‌ಗೆ ಇರ್ಬೇಕು ಅಂತ ಬರೀತು, ಅದು ಅದೇ ವರದಿ ಒಳಗೇ ದಾಖಲಾಗಿತ್ತು. 2003ರ ಫೆಬ್ರವರಿ 5ಕ್ಕೆ ಅದೇ ಇಲಾಖೆಯ ಸಚಿವ ಕಾಲಿನ್ ಪವೆಲ್ ವಿಶ್ವಸಂಸ್ಥೆ ಭದ್ರತಾ ಮಂಡಳಿಯಲ್ಲಿ ಭಿನ್ನಾಭಿಪ್ರಾಯ ಇದೆ ಅಂತ ಹೇಳಿಯೂ ಸೆಂಟ್ರಿಫ್ಯೂಜ್ ಕಡೆಗೇ ವಾದ ಮಾಡಿದ್ರು. ಮುಂದಿನ ತಿಂಗಳೇ ಅಮೆರಿಕ ಇರಾಕ್ ಮೇಲೆ ಯುದ್ಧ ಶುರು ಮಾಡ್ತು. ಆಮೇಲೆ ಹುಡುಕಿದ್ರೆ ಆ ಕೊಳವೆಗಳು ರಾಕೆಟ್‌ಗೇ ಅಂತ ಕಾಣ್ತು, ಸಾಮೂಹಿಕ ನಾಶದ ಅಸ್ತ್ರಗಳ ದಾಸ್ತಾನೂ ಸಿಗ್ಲಿಲ್ಲ. ಎಷ್ಟು ಜನ ಸತ್ರು ಅಂತ ನೆನೆಸ್ಕೊಂಡ್ರೆ ಈಗ್ಲೂ ಸಂಕಟ ಆಗತ್ತೆ.

ಈ ಯುದ್ಧದಲ್ಲಿ ಬ್ರಿಟನ್ ಸೇರ್ಕೊಂಡಿದ್ದರ ಬಗ್ಗೆ ಅಲ್ಲಿ ಚಿಲ್ಕಾಟ್ ವಿಚಾರಣೆ ಅನ್ನೋ ಸರ್ಕಾರಿ ತನಿಖೆ ಶುರುವಾಗಿದ್ದು 2009ರಲ್ಲಿ, ವರದಿ ಬಂದಿದ್ದು 2016ರಲ್ಲಿ. ಗುಪ್ತಚರ ಅಂದಾಜುಗಳನ್ನ ಪ್ರಶ್ನೆ ಮಾಡ್ಬೇಕಿತ್ತು, ಮಾಡ್ಲಿಲ್ಲ ಅಂತ ಅದು ಸ್ಪಷ್ಟವಾಗಿ ಹೇಳ್ತು. ಯುದ್ಧ ಶುರುವಾಗಿ 13 ವರ್ಷ ಆದ್ಮೇಲೆ ಹೇಳಿದ್ರೆ ಯಾರಿಗೆ ಏನು ಉಪಯೋಗ ಆಯ್ತು?

ಈಗ ರಾಯಭಾರ ಕಚೇರಿಗಳಿಂದ ಬರೋ ಕೇಬಲ್‌ಗಳನ್ನೆಲ್ಲಾ, ಅಂದ್ರೆ ಅಧಿಕಾರಿಗಳು ಕಳಿಸೋ ವರದಿಗಳನ್ನೆಲ್ಲಾ, ಎಐಗೆ ಹಾಕಿ ಸಚಿವರಿಗೆ ಒಂದು ಪುಟದ ಸಾರಾಂಶ ಕೊಡ್ತೀವಿ ಅಂತಾರಲ್ಲ, ನಂಗೆ ಭಯ ಇರೋದೇ ಅಲ್ಲಿ. ಹತ್ತು ಜನ ಹೌದು ಅಂದು ಒಬ್ಬ ಅಧಿಕಾರಿ ಅಲ್ಲ ಅಂದಿದ್ರೆ, ಸಾರಾಂಶದಲ್ಲಿ ಮೊದಲು ಮಾಯ ಆಗೋದು ಆ ಒಬ್ಬನ ಮಾತು. ಮನುಷ್ಯರು ಮಾಡಿದ್ದ ತಪ್ಪನ್ನೇ ಮೆಷಿನ್ ಇನ್ನೂ ಬೇಗ, ಇನ್ನೂ ಚಂದದ ಭಾಷೇಲಿ ಮಾಡಿಕೊಡತ್ತೆ ಅಷ್ಟೇ.

ಹಾಗಂತ ತಂತ್ರಜ್ಞಾನದಿಂದ ಒಳ್ಳೇದು ಆಗಿಲ್ವಾ ಅಂದ್ರೆ, ಆಗಿದೆ. 2006ರ ಅಕ್ಟೋಬರ್ 9ಕ್ಕೆ ಉತ್ತರ ಕೊರಿಯಾ ಮೊದಲ ಅಣುಪರೀಕ್ಷೆ ಮಾಡ್ದಾಗ ಅಣುಪರೀಕ್ಷೆಗಳ ಮೇಲೆ ಕಣ್ಣಿಡೋ ಅಂತರರಾಷ್ಟ್ರೀಯ ಸಂಸ್ಥೆ ಸಿಟಿಬಿಟಿಒದ ಭೂಕಂಪ ಕೇಂದ್ರಗಳು ನೆಲದ ಕಂಪನ ಹಿಡಿದ್ವು, ಸುಮಾರು ಎರಡು ವಾರ ಆದ್ಮೇಲೆ ಎಲ್ಲೋ ದೂರದ ಕೆನಡಾದ ಯೆಲ್ಲೋನೈಫ್‌ನಲ್ಲಿ ಗಾಳೀಲಿ, ಅಣುಸ್ಫೋಟದಿಂದ ಹೊರಬರೋ ವಿಕಿರಣದ ಕ್ಸೆನಾನ್ ಅನಿಲದ ಸುಳಿವೂ ಸಿಕ್ತು. ಇದ್ರಲ್ಲಿ ನಂಗೆ ತುಂಬಾ ಹಿಡಿಸಿದ್ದು ಏನಂದ್ರೆ ಈ ಡೇಟಾ ಸದಸ್ಯ ದೇಶಗಳಿಗೆಲ್ಲಾ ಸಿಗತ್ತೆ, ಸ್ವಂತ ಉಪಗ್ರಹ ಇಲ್ಲದ ಪುಟ್ಟ ದೇಶವೂ ದೊಡ್ಡವರು ಹೇಳಿದ್ದನ್ನ ತಾನೇ ಪರೀಕ್ಷೆ ಮಾಡ್ಬಹುದು.

ಇನ್ನೊಂದು, ಅಂದಾಜುಗಳಿಗೆ ಮಾರ್ಕ್ಸ್ ಹಾಕೋದು. 2011ರಿಂದ ಅಮೆರಿಕದ ಗುಪ್ತಚರ ಸಂಶೋಧನೆಗೆ ಹಣ ಕೊಡೋ ಐಎಆರ್‌ಪಿಎ ಸಂಸ್ಥೆ ಒಂದು ಭವಿಷ್ಯದ ಅಂದಾಜಿನ ಸ್ಪರ್ಧೆ ನಡೆಸ್ತು. ಇಂಥ ದಿನದೊಳಗೆ ಇದು ಆಗತ್ತಾ ಇಲ್ವಾ, ಶೇಕಡಾ ಎಷ್ಟು ಅಂತ ನಂಬರ್ ಕೊಡ್ಬೇಕು. ಮನಶ್ಶಾಸ್ತ್ರಜ್ಞ ಫಿಲಿಪ್ ಟೆಟ್‌ಲಾಕ್ ತಂಡದ ಸಾಮಾನ್ಯ ಸ್ವಯಂಸೇವಕರೇ ಅದ್ರಲ್ಲಿ ಮೇಲುಗೈ ಸಾಧಿಸಿದ್ರು. ಹೊಸ ಸುದ್ದಿ ಬಂದಾಗೆಲ್ಲಾ ನಂಬರ್ ಸ್ವಲ್ಪ ಸ್ವಲ್ಪ ಬದಲಾಯಿಸ್ಕೊಳ್ಳೋ ಅಭ್ಯಾಸ ಇದ್ದೋರ ಅಂದಾಜು ಹೆಚ್ಚು ಸರಿ ಇತ್ತು. ಇದಕ್ಕೆ ದುಬಾರಿ ಸಾಫ್ಟ್‌ವೇರೂ ಬೇಡ, ನಿಯತ್ತಾಗಿ ಬರೆದಿಡ್ಬೇಕು, ಗಡುವು ಮುಗಿದ್ಮೇಲೆ ತೆಗೆದು ನೋಡ್ಬೇಕು.

ಹಾಗಾಗಿ ಯಾವ ಸರ್ಕಾರವೇ ಆಗ್ಲಿ, ಎಐ ಕೊಳ್ಳೋ ಟೆಂಡರ್‌ನಲ್ಲಿ ಎರಡು ಷರತ್ತು ಹಾಕ್ಲಿ. ಸಾರಾಂಶದ ಮೊದಲ ಸಾಲುಗಳಲ್ಲೇ ಯಾರು ಒಪ್ಪಿಲ್ಲ, ಯಾಕೆ ಒಪ್ಪಿಲ್ಲ ಅಂತ ಬರ್ಬೇಕು. ಪ್ರತಿ ದೊಡ್ಡ ನಿರ್ಧಾರದ ಜೊತೆ ನಮ್ಮ ಅಂದಾಜು ಇಷ್ಟು ಅಂತ ನಂಬರ್ ದಾಖಲಾಗಿ, ವರ್ಷಕ್ಕೊಮ್ಮೆ ಸಂಸದೀಯ ಸಮಿತಿ ಮುಂದೆ, ಗುಟ್ಟಾಗಿಯಾದ್ರೂ ಸರಿ, ಲೆಕ್ಕ ಒಪ್ಪಿಸ್ಬೇಕು.

ಇಂತಿ,
ನಿಮ್ಮ ಓದುಗ