ರಿಪೇರಿ ಅಂಗಡಿಯ ತೀರ್ಪಿಗೂ ಒಂದು ಚೀಟಿ ಬೇಕು

ಮಾನ್ಯ ಸಂಪಾದಕರೇ,

ಕಳೆದ ಮಳೆಗಾಲದ ಕೊನೆಯಲ್ಲಿ, 2014ರಲ್ಲಿ ಕೊಂಡಿದ್ದ ನನ್ನ ಲ್ಯಾಪ್‌ಟಾಪ್ ಒಂದು ದಿನ ಶುರುವಾಗಲಿಲ್ಲ. ಗುಂಡಿ ಒತ್ತಿದರೆ ದೀಪ ಹತ್ತುತ್ತಿತ್ತು, ಒಳಗೆ ಫ್ಯಾನ್ ತಿರುಗುವ ಸದ್ದೂ ಕೇಳುತ್ತಿತ್ತು, ಪರದೆ ಮಾತ್ರ ಕಪ್ಪಾಗಿಯೇ ಉಳಿಯುತ್ತಿತ್ತು. ಜಿಲ್ಲಾ ಕೇಂದ್ರದ ಒಂದು ಸರ್ವಿಸ್ ಸೆಂಟರಿಗೆ ಒಯ್ದು ಕೊಟ್ಟೆ. ಎರಡು ದಿನ ಬಿಟ್ಟು ಫೋನ್ ಬಂತು: ‘ಮದರ್‌ಬೋರ್ಡ್ ಹೋಗಿದೆ ಸರ್. ಹಾಕಿಸೋಕೆ 14,000 ಆಗತ್ತೆ. ಇಷ್ಟು ಹಳೇದಕ್ಕೆ ಯಾಕೆ ದುಡ್ಡು ಸುರೀತೀರಿ, ಹೊಸದೇ ತಗೊಳ್ಳಿ.’ ಮದರ್‌ಬೋರ್ಡ್ ಎಂದರೆ ಯಂತ್ರದ ಉಳಿದ ಭಾಗಗಳೆಲ್ಲ ಜೋಡಣೆಯಾಗುವ ಮುಖ್ಯ ಫಲಕ. ತಪಾಸಣಾ ಶುಲ್ಕವೆಂದು 500 ರೂಪಾಯಿ ಕೊಟ್ಟು, ರಸೀದಿಯನ್ನೂ ಕೇಳದೆ, ಯಂತ್ರವನ್ನು ಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿದೆ.

ಊರಿನ ಪೇಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ‘ಬಿಸಾಡೋ ಮುಂಚೆ ಒಂದ್ಸಲ ನೋಡ್ತೀನಿ, ಕೊಡಿ ಸರ್’ ಎಂದು ಇಸಿದುಕೊಂಡ. ಬ್ಯಾಟರಿ ತೆಗೆದಿಟ್ಟು, ತಳದ ಮುಚ್ಚಳದ ಸ್ಕ್ರೂ ಬಿಚ್ಚಿ, ಒಳಗಿದ್ದ, ಯಂತ್ರದ ತಾತ್ಕಾಲಿಕ ನೆನಪಾದ ಎರಡು ರ್‍ಯಾಮ್ ಕಾರ್ಡ್‌ಗಳನ್ನು ಹೊರತೆಗೆದು, ಅವುಗಳ ಹಿತ್ತಾಳೆ ಬಣ್ಣದ ಅಂಚನ್ನು ಮಕ್ಕಳು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿದ. ಎರಡನ್ನೂ ಹಾಕಿದಾಗ ಪರದೆ ಬರಲಿಲ್ಲ. ಒಂದೊಂದನ್ನೇ ಹಾಕಿ ನೋಡಿದಾಗ ಒಂದು ಕಾರ್ಡ್ ಸತ್ತಿರುವುದೂ ಇನ್ನೊಂದು ಸರಿಯಿರುವುದೂ ತಿಳಿಯಿತು. ಸರಿಯಿದ್ದುದನ್ನು ಕೂರಿಸಿ ಗುಂಡಿ ಒತ್ತಿದ ಕೂಡಲೇ ತಯಾರಕ ಕಂಪನಿಯ ಚಿಹ್ನೆ ಮೂಡಿತು. ಹಿಡಿದದ್ದು ಕಾಲು ಗಂಟೆ.

ಸರ್ವಿಸ್ ಸೆಂಟರಿನವರು ಬೇಕೆಂದೇ ಸುಳ್ಳು ಹೇಳಿದರೆಂದು ನಾನು ಆರೋಪಿಸಲಾರೆ, ಏಕೆಂದರೆ ಅವರು ಏನನ್ನು ಪರೀಕ್ಷಿಸಿದರು, ಏನನ್ನು ಪರೀಕ್ಷಿಸಲಿಲ್ಲ ಎಂಬುದು ನನಗೆ ಗೊತ್ತೇ ಇಲ್ಲ. ನನ್ನ ತಕರಾರು ಇರುವುದೇ ಅಲ್ಲಿ. ರಕ್ತ ಪರೀಕ್ಷೆ ಮಾಡಿದ ಲ್ಯಾಬಿನವರು ಒಂದು ಹಾಳೆ ಕೊಡುತ್ತಾರೆ; ಅದನ್ನು ಇನ್ನೊಬ್ಬ ವೈದ್ಯರಿಗೆ ತೋರಿಸಬಹುದು. ಸಾವಿರಾರು ರೂಪಾಯಿಯ ಯಂತ್ರಕ್ಕೆ ಮರಣಪತ್ರ ಬರೆಯುವವರು ಬಾಯಿಮಾತಿನಲ್ಲಿ ಮುಗಿಸುತ್ತಾರೆ.

‘ಆನ್ ಆಗುತ್ತಿಲ್ಲ’ ಎಂದು ನಾವು ಹೇಳುವ ಒಂದು ಮಾತಿನೊಳಗೆ ಬೇರೆ ಬೇರೆ ಕಾಯಿಲೆಗಳಿರುತ್ತವೆ ಎಂಬುದು ನನಗೆ ಈ ಪ್ರಸಂಗದಿಂದ ತಿಳಿಯಿತು. ದೀಪವೇ ಹತ್ತದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಅಡಾಪ್ಟರನ್ನು, ಅಂದರೆ ಚಾರ್ಜರನ್ನು. ಅದರ ಬೆನ್ನ ಮೇಲೆ 19 ವೋಲ್ಟ್ ಎಂದೋ ಅದರ ಆಸುಪಾಸಿನ ಒಂದು ಅಂಕಿಯೋ ಬರೆದಿರುತ್ತದೆ. ಮಲ್ಟಿಮೀಟರ್ ಇರುವ ಯಾವ ಟಿ.ವಿ. ರಿಪೇರಿಯವರಾದರೂ ಅಷ್ಟು ಬರುತ್ತಿದೆಯೇ ಎಂದು ಒಂದು ನಿಮಿಷದಲ್ಲಿ ಹೇಳಬಲ್ಲರು. ಗುಡುಗು ಸಿಡಿಲಿನ ನಮ್ಮ ಮಲೆನಾಡಿನಲ್ಲಿ ಲ್ಯಾಪ್‌ಟಾಪಿಗಿಂತ ಮೊದಲು ಅಡಾಪ್ಟರ್ ಸಾಯುವುದು ಅಪರೂಪವೇನಲ್ಲ. ಬೇರೆ ಅಡಾಪ್ಟರ್ ಹಾಕಿ ನೋಡುವವರು ಪಿನ್ ಕೂರುತ್ತದೆಯೇ ಎಂದಷ್ಟೇ ನೋಡದೆ, ವೋಲ್ಟೇಜ್ ಅಷ್ಟೇ ಇರುವುದನ್ನೂ ಆಂಪಿಯರ್ ಅಷ್ಟೇ ಅಥವಾ ಹೆಚ್ಚು ಇರುವುದನ್ನೂ ಖಚಿತಪಡಿಸಿಕೊಳ್ಳಬೇಕು. ಬ್ಯಾಟರಿಯನ್ನು ಹೊರಗಿನಿಂದಲೇ ತೆಗೆಯಬಹುದಾದ ಹಳೆಯ ಮಾದರಿಯಾದರೆ ಬ್ಯಾಟರಿ, ಅಡಾಪ್ಟರ್ ಎರಡನ್ನೂ ಬಿಡಿಸಿ, ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಆಮೇಲೆ ಬರೀ ಅಡಾಪ್ಟರಿನಿಂದ ಶುರುಮಾಡಿ ನೋಡುವುದುಂಟು. ಬೋರ್ಡಿನಲ್ಲಿ ಉಳಿದ ವಿದ್ಯುತ್ತು ಹೀಗೆ ಹರಿದುಹೋದಮೇಲೆ ಕೆಲವು ಯಂತ್ರಗಳು ಏನೂ ಆಗದಂತೆ ಏಳುತ್ತವೆ.

ನನ್ನ ಯಂತ್ರದ ಕಾಯಿಲೆ, ಅಂದರೆ ದೀಪ ಮತ್ತು ಫ್ಯಾನ್ ಇದ್ದೂ ಪರದೆ ಬಾರದಿರುವುದು, ಹೆಚ್ಚು ಜನರನ್ನು ಹೊಸ ಲ್ಯಾಪ್‌ಟಾಪಿನ ಅಂಗಡಿಗೆ ಕಳಿಸುವಂಥದ್ದು. ಇಲ್ಲಿ ಕತ್ತಲ ಕೋಣೆಯಲ್ಲಿ ಪರದೆಯ ಮೇಲೆ ಓರೆಯಾಗಿ ಟಾರ್ಚ್ ಬಿಟ್ಟಾಗ ಮಸುಕಾಗಿ ಚಿತ್ರ ಕಂಡರೆ, ಕೆಟ್ಟಿರುವುದು ಪರದೆಯ ಹಿಂಬದಿಯ ಬೆಳಕು. ಮನೆಯ ಟಿ.ವಿ.ಗೆ ಎಚ್‌ಡಿಎಂಐ ಕೇಬಲ್ ಜೋಡಿಸಿದಾಗ ಅಲ್ಲಿ ಚಿತ್ರ ಬಂದರೆ ಮದರ್‌ಬೋರ್ಡ್ ಕೆಲಸ ಮಾಡುತ್ತಿದೆ, ದೋಷ ಪರದೆಯದ್ದು ಅಥವಾ ಅದಕ್ಕೆ ಹೋಗುವ ಕೇಬಲ್ಲಿನದ್ದು. ಎರಡೂ ಕಡೆ ಏನೂ ಕಾಣದಿದ್ದರೆ ಆಗ ರ್‍ಯಾಮಿನ ಸರದಿ. ಹಲವು ಮಾದರಿಗಳು ಇಂಥ ಹೊತ್ತಿನಲ್ಲಿ ‘ಬೀಪ್’ ಎಂದು ಕೂಗುತ್ತವೆ ಅಥವಾ ದೀಪವನ್ನು ಇಷ್ಟು ಸಲ ಎಂದು ಮಿಟುಕಿಸುತ್ತವೆ. ಆ ಎಣಿಕೆಯ ಅರ್ಥ ಕಂಪನಿಯಿಂದ ಕಂಪನಿಗೆ ಬೇರೆಯಾಗಿದ್ದು, ಆಯಾ ಕಂಪನಿಯ ಕೈಪಿಡಿಯಲ್ಲಿರುತ್ತದೆ. ಈ ಯಾವುದಕ್ಕೂ ಫಲ ಸಿಗದಿದ್ದಾಗ ಮದರ್‌ಬೋರ್ಡಿನ ಮೇಲೆ ಬೆರಳು ಮಾಡುವುದು ನ್ಯಾಯ. ನನ್ನ ವಿಷಯದಲ್ಲಿ ಕೊನೆಯ ಅನುಮಾನವೇ ಮೊದಲ ತೀರ್ಮಾನವಾಗಿಬಿಟ್ಟಿತು.

ಚಿಹ್ನೆ ಬಂದು ಅಲ್ಲಿಯೇ ನಿಂತರೆ ತೊಂದರೆ ಬಹುಮಟ್ಟಿಗೆ ಹಾರ್ಡ್ ಡಿಸ್ಕಿನದ್ದು ಅಥವಾ ವಿಂಡೋಸಿನದ್ದು. ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಹೋಗಿದ್ದರೆ, ಒಳಗೆ ಗಡಿಯಾರ ನಡೆಸುವ 3 ವೋಲ್ಟಿನ ನಾಣ್ಯದಂಥ ಸೆಲ್ ಮುಗಿದಿದೆ ಎಂದರ್ಥ. ಬ್ಯಾಟರಿ ಉಬ್ಬಿ ಟಚ್‌ಪ್ಯಾಡ್ ಮೇಲೆದ್ದಿರುವ ಯಂತ್ರಕ್ಕೆ ಮಾತ್ರ ಮನೆಯಲ್ಲಿ ಯಾರೂ ಕೈ ಹಾಕಬಾರದು. ಲಿಥಿಯಂ ಬ್ಯಾಟರಿಗೆ ಸ್ಕ್ರೂಡ್ರೈವರಿನ ಮೊನೆ ತಾಗಿದರೂ ಬೆಂಕಿ ಹೊತ್ತಿಕೊಳ್ಳಬಹುದು.

ಹನ್ನೊಂದು ವರ್ಷದ ಯಂತ್ರಕ್ಕೆ ಇಷ್ಟೊಂದು ಏಕೆ ಎಂದು ಮಗಳೂ ಕೇಳಿದಳು. ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ನಾನು ಸಿದ್ಧಪಡಿಸಿದ ಪ್ರಶ್ನೆಪತ್ರಿಕೆಗಳು ಮತ್ತು ಟಿಪ್ಪಣಿಗಳೆಲ್ಲ ಅದರಲ್ಲಿವೆ. ಆ ಫಾಂಟ್ ಇಲ್ಲದ ಹೊಸ ಯಂತ್ರದಲ್ಲಿ ಅವನ್ನು ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಕಾಣುತ್ತದೆ. ಬೋರ್ಡ್ ನಿಜಕ್ಕೂ ಸತ್ತಿದ್ದರೂ ಹಾರ್ಡ್ ಡಿಸ್ಕನ್ನು ಬಿಚ್ಚಿ, ಕೆಲವು ನೂರು ರೂಪಾಯಿಯ, ಯುಎಸ್‌ಬಿ ತಂತಿಯಿರುವ ಕೇಸಿಂಗಿನಲ್ಲಿ ಹಾಕಿ, ಬೇರೆ ಕಂಪ್ಯೂಟರಿನಿಂದ ಕಡತಗಳನ್ನು ಉಳಿಸಿಕೊಳ್ಳಬಹುದಿತ್ತು. ಅದನ್ನು ಕೂಡ ಸರ್ವಿಸ್ ಸೆಂಟರಿನವರು ನನಗೆ ಹೇಳಲಿಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಭದ್ರತಾ ಬೆಂಬಲ ನಿಂತಮೇಲೆ, ವಿಂಡೋಸ್ 11 ಹಾಕಲಾಗದ ಹಳೆಯ ಯಂತ್ರಗಳನ್ನು ಎತ್ತಿಡಿಸಲು ಅಂಗಡಿಗಳಿಗೆ ಇನ್ನೂ ಒಂದು ಕಾರಣ ಸಿಕ್ಕಿದೆ. ಅಂಥವುಗಳಲ್ಲಿ ವಿಂಡೋಸಿನ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಹಾಕಿಕೊಂಡು ಇನ್ನೂ ಕೆಲವು ವರ್ಷ ಬರವಣಿಗೆ, ಇಂಟರ್‌ನೆಟ್ಟಿನ ಕೆಲಸ ನಡೆಸಬಹುದೆಂಬುದನ್ನು ಹೇಳುವವರು ಕಡಿಮೆ.

ಕಾನೂನು ಪೂರ್ತಿ ಮೌನವಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಸೇವೆಗೆ ಹಣ ಪಡೆದು ಬಿಲ್ ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿಯೇ ಆಗುತ್ತದೆ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು ದುರಸ್ತಿಯ ಹಕ್ಕಿನ ಕುರಿತು 2022ರ ಜುಲೈನಲ್ಲಿ ಸಮಿತಿ ರಚಿಸಿ, ಅದೇ ಡಿಸೆಂಬರ್‌ನಲ್ಲಿ ಜಾಲತಾಣವನ್ನೂ ಆರಂಭಿಸಿತು. ಫ್ರಾನ್ಸಿನಲ್ಲಿ 2021ರ ಜನವರಿಯಿಂದ ಲ್ಯಾಪ್‌ಟಾಪ್ ಮಾರುವಾಗಲೇ ಅದನ್ನು ಎಷ್ಟು ಸುಲಭವಾಗಿ ದುರಸ್ತಿ ಮಾಡಬಹುದೆಂಬುದಕ್ಕೆ ಹತ್ತಕ್ಕೆ ಇಷ್ಟು ಎಂದು ಅಂಕ ತೋರಿಸಬೇಕು. ಅದು ನಮ್ಮಲ್ಲೂ ಬೇಕು, ಏಕೆಂದರೆ ಈಗಿನ ಅನೇಕ ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ್‍ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುವುದರಿಂದ ನನ್ನ ವಿದ್ಯಾರ್ಥಿಯ ರಬ್ಬರಿಗೆ ಅಲ್ಲಿ ಕೆಲಸವೇ ಇಲ್ಲ. ಆದರೆ ಈಗಾಗಲೇ ಮನೆಗಳಲ್ಲಿರುವ ಯಂತ್ರಗಳಿಗೆ ಆ ಅಂಕದಿಂದ ಪ್ರಯೋಜನವಿಲ್ಲ. ಅವುಗಳಿಗೆ ಬೇಕಾದದ್ದು ರಿಪೇರಿ ಕೌಂಟರಿನಲ್ಲಿ ಸಿಗುವ ಒಂದು ಹಾಳೆ.

ಆದ್ದರಿಂದ ರಾಜ್ಯದ ಆಹಾರ, ನಾಗರಿಕ ಸರಬರಾಜು ಮತ್ತು ಗ್ರಾಹಕರ ವ್ಯವಹಾರಗಳ ಇಲಾಖೆಯು ಇಂಥದ್ದೊಂದು ನಮೂನೆಯನ್ನು ಕನ್ನಡದಲ್ಲಿ ಸಿದ್ಧಪಡಿಸಿ, ತಪಾಸಣಾ ಶುಲ್ಕ ಪಡೆಯುವ ಪ್ರತಿಯೊಂದು ಲ್ಯಾಪ್‌ಟಾಪ್ ದುರಸ್ತಿ ಕೇಂದ್ರವೂ ಅದನ್ನು ತುಂಬಿ ಕೊಡುವಂತೆ ಮಾಡಬೇಕೆಂದು ಕೋರುತ್ತೇನೆ. ಅಡಾಪ್ಟರಿನಿಂದ ಎಷ್ಟು ವೋಲ್ಟ್ ಬಂತು, ಹೊರಗಿನ ಪರದೆ ಜೋಡಿಸಿದಾಗ ಏನು ಕಂಡಿತು, ರ್‍ಯಾಮ್ ಬದಲಿಸಿ ನೋಡಲಾಯಿತೇ, ಹಾರ್ಡ್ ಡಿಸ್ಕಿನ ಸ್ಥಿತಿ ಏನು, ಇವುಗಳ ನಂತರ ತಲುಪಿದ ತೀರ್ಮಾನ ಯಾವುದು ಎಂಬ ನಾಲ್ಕೈದು ಸಾಲು ಸಾಕು. ಗ್ರಾಹಕರ ಸಹಿಯಿಲ್ಲದೆ ಡಿಸ್ಕನ್ನು ಅಳಿಸುವುದಿಲ್ಲವೆಂದೂ, ತೆಗೆದ ಭಾಗಗಳನ್ನು ಕೇಳಿದರೆ ಹಿಂತಿರುಗಿಸುವುದೆಂದೂ ಅದರಲ್ಲೇ ಅಚ್ಚಾಗಿರಲಿ. ಅಲ್ಲಿಯವರೆಗೆ ಓದುಗರು ಯಂತ್ರವನ್ನು ಕೌಂಟರಿನ ಮೇಲಿಡುವಾಗಲೇ ಲಿಖಿತ ವರದಿ ಮತ್ತು ರಸೀದಿಯನ್ನು ಕೇಳಲಿ. ಕೊಡಲೊಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಲಿ. ನಾನು ಕೇಳದೇ ಬಂದ 500 ರೂಪಾಯಿಯ ರಸೀದಿಗಾಗಿ ಕಳೆದ ವಾರ ಆ ಸರ್ವಿಸ್ ಸೆಂಟರಿಗೆ ಪತ್ರ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.

ಇತಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕ,
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ