ಬಂದೂಕು ಹಿಡಿದ ಮಕ್ಕಳ ಫೋಟೊಗಳ ಬಗ್ಗೆ

ಎಲ್ಲರಿಗೂ ನಮಸ್ಕಾರ. ಯುದ್ಧದಲ್ಲಿ ಬಂದೂಕು ಹಿಡಿದ ಮಕ್ಕಳ ಫೋಟೊಗಳು ಗುಂಪಿನಲ್ಲಿ ಜಾಸ್ತಿ ಬರುತ್ತಿವೆ. ಮುಖ ಕಾಣುವಂಥವನ್ನು ದಯವಿಟ್ಟು ಹಾಕಬೇಡಿ. ಆ ಮಗು ನಾಳೆ ಮನೆಗೆ ಮರಳಿದರೆ, ಗುರುತು ಹಿಡಿದು ಸೇಡು ತೀರಿಸಿಕೊಳ್ಳುವವರು ಇರುತ್ತಾರೆ.

‘ಅವರೇ ಹೋಗಿ ಸೇರಿದ್ದಲ್ವಾ’ ಎಂದೂ ಕೆಲವರು ಬರೆದಿದ್ದೀರಿ. ಅಂತರರಾಷ್ಟ್ರೀಯ ಕಾನೂನು ಹಾಗೆ ನೋಡುವುದಿಲ್ಲ. 15 ತುಂಬದವರನ್ನು ಸೇನೆಗೋ ಸಶಸ್ತ್ರ ಗುಂಪಿಗೋ ಸೇರಿಸಿಕೊಂಡರೆ ಅದು ಯುದ್ಧಾಪರಾಧ. ಮಗು ತಾನಾಗಿ ಬಂತು ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಕಾಂಗೋದ ಸಶಸ್ತ್ರ ಗುಂಪಿನ ನಾಯಕ ಥಾಮಸ್ ಲುಬಾಂಗಾಗೆ ಇದೇ ಅಪರಾಧಕ್ಕೆ 2012ರಲ್ಲಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ 14 ವರ್ಷ ಜೈಲು ವಿಧಿಸಿತು. ಆ ನ್ಯಾಯಾಲಯ ತಪ್ಪಿತಸ್ಥ ಎಂದು ತೀರ್ಪು ಕೊಟ್ಟ ಮೊದಲ ವ್ಯಕ್ತಿ ಆತ.

ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಪ್ಪಂದಕ್ಕೆ ಸೇರಿದ, 2002ರಲ್ಲಿ ಜಾರಿಯಾದ ಪ್ರೋಟೋಕಾಲ್ (ಪೂರಕ ಒಪ್ಪಂದ) ಇನ್ನೂ ಬಿಗಿ. 18 ತುಂಬದವರನ್ನು ಯಾವ ಸರ್ಕಾರವೂ ಬಲವಂತವಾಗಿ ಸೇನೆಗೆ ಸೇರಿಸುವಂತಿಲ್ಲ. ಸರ್ಕಾರದ್ದಲ್ಲದ ಗುಂಪುಗಳು ಒಪ್ಪಿಗೆ ಇದ್ದರೂ ಸೇರಿಸಿಕೊಳ್ಳುವಂತಿಲ್ಲ. ಆದರೆ 16, 17ರ ಹುಡುಗರು ಒಪ್ಪಿದರೆ ಸರ್ಕಾರಿ ಸೇನೆಗೆ ಅವಕಾಶ ಉಳಿಸಿದ್ದಾರೆ. ಇದು ನನಗೆ ಸರಿ ಕಾಣುವುದಿಲ್ಲ.

ಇನ್ನೊಂದು ಮಾತು. ಪಾಳೆಯದಲ್ಲಿ ಅಡುಗೆ ಮಾಡುವ, ಮೂಟೆ ಹೊರುವ, ಸುದ್ದಿ ಮುಟ್ಟಿಸುವ ಮಕ್ಕಳನ್ನೂ 2007ರ ಪ್ಯಾರಿಸ್ ತತ್ವಗಳು, ಅಂದರೆ ಯುದ್ಧಕ್ಕೆ ಬಳಸಿದ ಮಕ್ಕಳ ಬಗೆಗಿನ ಅಂತರರಾಷ್ಟ್ರೀಯ ಮಾರ್ಗಸೂಚಿ, ಬಂದೂಕು ಹಿಡಿದ ಮಕ್ಕಳ ಲೆಕ್ಕಕ್ಕೇ ಸೇರಿಸುತ್ತವೆ. ಹುಡುಗಿಯರನ್ನೂ ಕೂಡ.

ಈಗಾಗಲೇ ಹಾಕಿರುವ ಫೋಟೊಗಳನ್ನು ಇವತ್ತೇ ಅಳಿಸಿಬಿಡಿ.